ಹರಿಹರದ ಹೊಳೆಗೆ ಹೋದ ಬೆಸುಗೆ ಯಂತ್ರ

ನನ್ನ ಮೈದುನನನ್ನು ಆ ಯಂತ್ರ ಕೊಲ್ಲಲಿಲ್ಲ. ಎದೆನೋವು ಕೊಂದಿತು. ಅವನು ಅದನ್ನು ಗ್ಯಾಸು ಅಂದ, ಅಷ್ಟೇ.

ಮೊನ್ನೆ ಮೊಬೈಲ್ ರಿಪೇರಿ ಅಂಗಡಿ ಮುಂದೆ ನಿಂತಿದ್ದೆ. ಒಳಗಿಂದ ಸುಟ್ಟ ತಗಡಿನ ವಾಸನೆ ಬಂತು. ಮೂಗಿಗೆ ಹತ್ತಿದ್ದೇ ತಡ, ಅವನು ನೆನಪಾದ… ಕನ್ನಡಕ ಮೂಗಿನ ತುದಿಗೆ ಇಳಿಸಿ, ತುಟಿ ಕಚ್ಚಿಕೊಂಡು ಕೂತವನು.

ಹರಿಹರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಅದು ಬಾಗಿಲು ಹಾಕಿದ ಮೇಲೆ ಗಂಡ ಹೆಂಡತಿ ಇಬ್ಬರೂ ದೇವರಾಜ ಅರಸು ಬಡಾವಣೆಯ ನಮ್ಮ ಮನೆಯ ಹಿಂದಿನ ಕೋಣೆಗೆ ಬಂದರು. ಅವನ ಹೆಂಡತಿಗೆ, ಅಂದರೆ ನನ್ನ ವಾರಗಿತ್ತಿಗೆ, ಚಿಕ್ಕಂದಿನಿಂದ ಕಾಲಲ್ಲಿ ಶಕ್ತಿಯಿಲ್ಲ. ಆದರೂ ಎಂ.ಸಿ.ಸಿ. ಬಡಾವಣೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದಳು. ಬ್ಯಾಟರಿ ಮೇಲೆ ಓಡುವ ಮೂರುಗಾಲಿ ಗಾಡಿಯಲ್ಲಿ ಒಬ್ಬಳೇ ಹೋಗಿ ಬರುತ್ತಿದ್ದಳು. ಯಾರ ಕೈಯನ್ನೂ ಕಾಯುವವಳಲ್ಲ.

ಒಂದು ಬೇಸಿಗೆಯಲ್ಲಿ ಆ ಬ್ಯಾಟರಿ ಸತ್ತಿತು. ಅವಳು ಮನೆಯಲ್ಲಿ ಕೂತಳು. ಗಿರಾಕಿಗಳು ಬೇರೆ ಕಡೆ ಹೋದರು. ಅವಳ ಮಾತೇ ಕಡಿಮೆಯಾಯಿತು. ಅದನ್ನು ನೋಡಲಾರದೆ ಅವನು ಹಳೇ ಲ್ಯಾಪ್‌ಟಾಪುಗಳಿಂದ ಬೆರಳುದ್ದದ ಸೆಲ್ಲು ಬಿಚ್ಚಿ ತಂದ. ತಗಡಿನ ಪಟ್ಟಿ ಇಟ್ಟು ಅವನ್ನೆಲ್ಲ ಜೋಡಿಸಿದರೆ ಹೊಸ ಬ್ಯಾಟರಿ ಆಗುತ್ತದಂತೆ. ಕಾಯಿಸಿ ಬೆಸುಗೆ ಹಾಕಿದರೆ ಸೆಲ್ಲು ಕೆಡುತ್ತದಂತೆ. ಅದಕ್ಕೇ ಆ ಯಂತ್ರ ಕಟ್ಟಿದ. ಡಬ್ಬಿಯಂಥ ಕೆಪಾಸಿಟರುಗಳ ಸಾಲು. ಅವು ಕರೆಂಟು ಕುಡಿದು ಕೂತಿದ್ದು, ಎರಡು ತಾಮ್ರದ ಕಡ್ಡಿಯಿಂದ ಒಂದೇ ಸಲ ಉಗುಳುತ್ತಿದ್ದವು. ಟಪ್ ಅಂತ ಸದ್ದು, ಪಟ್ಟಿ ಮೇಲೆ ಎರಡು ಕಪ್ಪು ಚುಕ್ಕೆ. ಮೊದಮೊದಲು ಪಟ್ಟಿಯೇ ತೂತು ಬೀಳುತ್ತಿತ್ತು. ಆಮೇಲೆ ಕೈ ಕುದುರಿತು.

ಅವನು ಬಗ್ಗಿ ಕಡ್ಡಿ ಒತ್ತಿ ಹಿಡಿಯುತ್ತಿದ್ದ. ಕರೆಂಟು ಬಿಡುವ ಪೆಡಲನ್ನೂ ತಾನೇ ತುಳಿದರೆ ಕೈ ಅಲುಗುತ್ತದೆ ಅಂತ ನನ್ನನ್ನು ಕೂರಿಸಿಕೊಂಡ. ಆ ಪೆಡಲ್ ವಾರಗಿತ್ತಿಯ ಹೊಲಿಗೆ ಯಂತ್ರದ್ದು. ಅವಳು ಕಾಲಲ್ಲಿ ತುಳಿಯಲಾರಳು ಅಂತ ಅದಕ್ಕೆ ಅವನು ಕೈ ಸ್ವಿಚ್ಚು ಹಾಕಿಕೊಟ್ಟಿದ್ದ, ಪೆಡಲ್ ಮಿಕ್ಕಿತ್ತು.

“ಅತ್ತಿಗಿ, ನಿಮ್ಮ ಕಾಲಿಗೂ ಒಂದು ನೌಕ್ರಿ ಸಿಕ್ತು ನೋಡ್ರಿ.”

“ಮೊದ್ಲು ನಿನ್ನ ಬಾಯಿಗೆ ಎರಡು ಚುಕ್ಕಿ ಹಾಕ್ಕೋ.”

ವಾರಗಿತ್ತಿ ನಕ್ಕಳು. ಬಹಳ ದಿನದ ಮೇಲೆ…

ನಾನು ಶಾಕ್ ಹೊಡೆದೀತು ಅಂತ ಹೆದರಿದಾಗ ಎರಡೂ ಕಡ್ಡಿಯನ್ನು ಬರಿಗೈಲಿ ಹಿಡಿದು ತೋರಿಸಿದ. “ತಗಡು ಸುಡ್ತೈತೆ, ಮನುಷ್ಯಾರಿಗೆ ಹತ್ತಲ್ಲ” ಅಂದ. ನಿಜವೇ. ಏನೂ ಆಗಲಿಲ್ಲ.

ಬ್ಯಾಟರಿ ಮುಕ್ಕಾಲು ಆಗಿತ್ತು. ಅವತ್ತು ಸಂಜೆ ಮಂಡಕ್ಕಿ, ಮೆಣಸಿನಕಾಯಿ ತಿಂದು ಕೂತವನು ಎದೆ ಉಜ್ಜಿಕೊಂಡ. ಹಣೆಯಲ್ಲಿ ಬೆವರು.

“ಆಸ್ಪತ್ರಿಗೆ ನಡಿ” ಅಂದೆ.

“ಮೆಣಸಿನಕಾಯಿ ಗ್ಯಾಸು, ಅತ್ತಿಗಿ. ಈ ಸಾಲು ಮುಗೀಲಿ, ನಾಳೆ ಅವಳು ಅಂಗಡಿ ತೆಗೀಲಿ.”

ಓಂಕಾಳು ಅಗಿದು ಸೋಡಾ ಕುಡಿದ. ತೇಗು ಬಂತು ನೋಡ್ರಿ ಅಂದ. ನಾನು ಅಡಿಗೆಮನೆಗೆ ಹೋಗಿ ಬರುವಷ್ಟರಲ್ಲಿ ತಲೆ ಮೇಜಿನ ಮೇಲಿತ್ತು… ಡಾಕ್ಟರು ಹಾರ್ಟು ಅಂದರು. ಬಂದ ಜನಕ್ಕೆ ಕಂಡದ್ದು ಅವನ ಕೈಯಲ್ಲಿದ್ದ ಕಡ್ಡಿ ಮಾತ್ರ.

ಮೂರನೇ ದಿನ ಬೂದಿ ಬಿಡಲು ಹರಿಹರದ ಹೊಳೆಗೆ ಹೋದೆವು. ಭಾನುವಳ್ಳಿಯ ನನ್ನ ಭಾವ, ಮನೆಗೆ ಹಿರಿಯ, ಯಂತ್ರವನ್ನು ಗೋಣಿಚೀಲದಲ್ಲಿ ಕಟ್ಟಿ ತಂದಿದ್ದ.

“ತಮ್ಮನ್ನ ತಿಂದ ಸಾಮಾನು ಮನ್ಯಾಗ ಇರಬಾರ್ದು.”

“ಅದಿಲ್ದೆ ಇವಳ ಗಾಡಿ ಹೆಂಗೆ ಓಡ್ಬೇಕ್ರಿ?” ಅಂದೆ.

“ಗಾಡಿ ಯಾಕ ಇನ್ನು? ಗಂಡ ಹೋದೋಳು, ಮನ್ಯಾಗ ಕೂಡ್ಲಿ.”

ನಾನು ಚೀಲದ ಬಾಯಿ ಹಿಡಿದೆ. ಕಿತ್ತುಕೊಂಡು ಎಸೆದ. ಗುಳ್ಳೆ ಎದ್ದವು, ನಿಂತವು. ವಾರಗಿತ್ತಿ ಅಳಲಿಲ್ಲ. “ಅಕ್ಕಾ, ಅಂಗಡಿ ಬೀಗದ ಕೈ ಎಲ್ಲೈತೆ?” ಅಂತ ಮೆಲ್ಲಗೆ ಕೇಳಿದಳು.

ಈಗ ಅವಳ ಗಾಡಿಗೆ ಕಂಪನಿ ಬ್ಯಾಟರಿ ಇದೆ. ಚೆನ್ನಾಗೇ ಓಡುತ್ತದೆ. ಅವಳು ನನ್ನ ಕೋಣೆಯಲ್ಲೇ ಮಲಗುತ್ತಾಳೆ. ಹಿಂದಿನ ಕೋಣೆಯಲ್ಲಿ ಅಕ್ಕಿ ಚೀಲ ಇಟ್ಟಿದ್ದೇನೆ. ಅಲ್ಲಿ ಹೋದರೆ ನಾನು ಬೈಯಲು ಅವನಿಲ್ಲ. ಬ್ಯಾಟರಿ ಎಲ್ಲಾದರೂ ಸಿಗುತ್ತದೆ…

ಹೊಳೆಗೆ ಹೋಗಿಬಂದ ಮಾರನೇ ಬೆಳಗ್ಗೆ ಭಾವ ನಮ್ಮ ಮನೆ ಕಟ್ಟೆ ಮೇಲೆ ಚಹಾ ಕುಡಿಯುತ್ತಿದ್ದ. ಅವನ ಕಣ್ಣೆದುರೇ ಅವಳನ್ನು ಎತ್ತಿ, ಆಗಿನ್ನೂ ಬ್ಯಾಟರಿ ಇಲ್ಲದ ಗಾಡಿಯಲ್ಲಿ ಕೂರಿಸಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಂದಿನಿಂದ ತಳ್ಳಿಕೊಂಡು ಎಂ.ಸಿ.ಸಿ. ಬಡಾವಣೆಯ ಅಂಗಡಿವರೆಗೂ ಹೋದೆ.