ತೀರ್ಥ ಕೊಡುವ ಕೈ

೧೯೯೮ರಲ್ಲಿ ನಾನು ಹಾಸನದ ಆಸ್ಪತ್ರೆಯೊಂದರಲ್ಲಿ ಪ್ಲಾಸ್ಟಿಕ್ ಸರ್ಜನ್ ಆಗಿದ್ದೆ. ಹಾಗೆಂದರೆ ಏನು ಕೆಲಸವೆಂದು ಊರಿನಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ. ಸಿನಿಮಾದವರ ಮೂಗು ತಿದ್ದುವವಳಿಗೆ ಹಾಸನದಲ್ಲೇನು ಕೆಲಸ ಎಂದು ಕೇಳಿದವರಿದ್ದರು. ಗಾಯದೊಳಗೆ ಪ್ಲಾಸ್ಟಿಕ್ ಇಟ್ಟು ಹೊಲೀತೀರಾ ಎಂದು ಕೇಳಿದವರೂ ಇದ್ದರು. ನನ್ನ ಹತ್ತಿರ ಸಿನಿಮಾದವರು ಒಬ್ಬರೂ ಬರಲಿಲ್ಲ. ಅರಕಲಗೂಡಿನಲ್ಲಿ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಸುಟ್ಟುಕೊಂಡವರು, ಚನ್ನರಾಯಪಟ್ಟಣದ ಕಡೆಯ ತೆಂಗಿನ ನಾರಿನ ಯಂತ್ರಕ್ಕೆ ಕೈ ಸಿಕ್ಕಿಸಿಕೊಂಡವರು, ಬಸ್ಸಿನ ಕಿಟಕಿಯಿಂದ ಮೊಣಕೈ ಹೊರಗಿಟ್ಟು ಎದುರಿನ ಲಾರಿಗೆ ತಗಲಿಸಿಕೊಂಡವರು, ಇಂಥವರೇ ನನ್ನ ಜನ. ನನಗೆ ಮುಂಗೋಪ. ಮೇಡಂ ಥಿಯೇಟರಿಗೆ ಬಂದರೆ ಫ್ಯಾನು ಕೂಡ ಸದ್ದಿಲ್ಲದೆ ತಿರುಗುತ್ತೆ ಎಂದು ನಮ್ಮ ನರ್ಸುಗಳು ಆಡಿಕೊಳ್ಳುತ್ತಿದ್ದರು.

ಆ ವರ್ಷದ ಆಷಾಢದಲ್ಲಿ ಹಳ್ಳಿಮೈಸೂರಿನ ಆಚೆಯ ಒಂದು ಊರಿನಿಂದ ಶೇಷಾದ್ರಿ ಎಂಬುವರನ್ನು ಕರೆತಂದರು. ಮೂವತ್ತನಾಲ್ಕು ವರ್ಷ, ಊರ ದೇವಸ್ಥಾನದ ಅರ್ಚಕರು. ತಲೆತಲಾಂತರದಿಂದ ಬಂದ ಪೂಜೆ. ಮನೆಗೆ ಹಿರಿಯರಾದ ದೊಡ್ಡಪ್ಪನಿಗೆ ವಯಸ್ಸಾದ ಮೇಲೆ ನಿತ್ಯದ ಕೆಲಸವೆಲ್ಲ ಇವರ ಪಾಲಿಗೆ ಬಂದಿತ್ತು. ಅಂದು ಬೆಳಿಗ್ಗೆ ನೈವೇದ್ಯಕ್ಕೆ ಅನ್ನ ಇಡಬೇಕು, ಸೌದೆ ಒದ್ದೆ. ಊದಿ ಊದಿ ಕಣ್ಣು ಕೆಂಪಾಗಿ, ಕಡೆಗೆ ಬೇಸತ್ತು, ಸೀಮೆಎಣ್ಣೆಯ ಡಬ್ಬಿಯನ್ನೇ ಒಲೆಗೆ ಬಗ್ಗಿಸಿದ್ದಾರೆ. ಬೂದಿಯಡಿ ಇದ್ದ ಕೆಂಡ ಭಗ್ಗೆಂದು ಹತ್ತಿ, ಉರಿ ಡಬ್ಬಿಯ ಬಾಯಿಗೇ ಏರಿದೆ.

ಅವರ ಮೈ ಸುಟ್ಟ ರೀತಿಯನ್ನು ನಾನು ಇವತ್ತಿಗೂ ಮರೆತಿಲ್ಲ. ಅರ್ಚಕರಾದ್ದರಿಂದ ಮೇಲೆ ಅಂಗಿಯಿರಲಿಲ್ಲ. ಎದೆ, ಹೊಟ್ಟೆ, ಎರಡೂ ತೋಳು ಬೆಂದಿದ್ದವು. ಜನಿವಾರ ಸುಟ್ಟುಹೋಗಿತ್ತು. ಸೊಂಟದಲ್ಲಿ ಒಗೆದು ಹಿಂಡಿ ಉಟ್ಟ ಮಡಿ ಪಂಚೆ ಇತ್ತು, ಇನ್ನೂ ಒದ್ದೆ. ಅದರಿಂದಾಗಿ ಸೊಂಟದ ಕೆಳಗೆ ಒಂದು ಬೊಬ್ಬೆಯೂ ಎದ್ದಿರಲಿಲ್ಲ. ಬೆನ್ನಿಗೂ ಉರಿ ತಾಕಿರಲಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಡಬ್ಬಿ ಹಿಡಿದಿದ್ದ ಬಲಗೈ. ಮುಷ್ಟಿಯೊಳಗಿದ್ದ ಅಂಗೈ ಉಳಿದಿತ್ತು. ಕೈಯ ಹಿಂಬದಿಯ ಚರ್ಮ ಮಾತ್ರ ಪೂರ್ತಿ ಹೋಗಿ, ಸತ್ತದ್ದನ್ನು ತೆಗೆದು ತೊಳೆದಾಗ ಬೆರಳುಗಳನ್ನು ಎತ್ತುವ ಸ್ನಾಯುರಜ್ಜುಗಳು, ಅಂದರೆ ಟೆಂಡನ್‌ಗಳು, ಬಿಳಿಯ ಹುರಿಗಳ ಹಾಗೆ ಬಯಲಿಗೆ ಬಂದವು.

ಪ್ರಜ್ಞೆ ಸರಿಯಾಗಿ ಬಂದ ಮೇಲೆ ಅವರು ಕೇಳಿದ ಮೊದಲ ಮಾತು, "ಡಾಕ್ಟ್ರೇ, ಈ ಕೈಯಲ್ಲಿ ತೀರ್ಥ ಕೊಡೋಕೆ ಆಗುತ್ತಾ?"

"ಮೊದಲು ಕೈ ಉಳೀಲಿ ಕಣ್ರೀ," ಎಂದೆ ನಾನು.

ಸುಟ್ಟ ಗಾಯಕ್ಕೆ ಸಾಮಾನ್ಯವಾಗಿ ಗ್ರಾಫ್ಟ್ ಹಾಕುತ್ತೇವೆ. ತೊಡೆಯಿಂದ ತೆಳ್ಳಗೆ ಚರ್ಮ ಹೆರೆದು ಗಾಯದ ಮೇಲೆ ಹಾಸುವುದು. ಅದು ಹದವಾದ ಮಣ್ಣಿಗೆ ಬೀಜ ಚೆಲ್ಲಿದಂತೆ, ಕೆಳಗೆ ರಕ್ತವಿದ್ದರೆ ಹಿಡಿಯುತ್ತದೆ. ಬರಿ ಟೆಂಡನ್ ಬಂಡೆಯಿದ್ದ ಹಾಗೆ, ಅಲ್ಲಿ ಗ್ರಾಫ್ಟ್ ಹಿಡಿಯುವುದಿಲ್ಲ. ಅಲ್ಲಿಗೆ ಬೇಕಾದದ್ದು ಫ್ಲಾಪ್. ಗಿಡವನ್ನು ಬೇರಿನ ಮಣ್ಣಿನ ಸಮೇತ ಕೀಳುವಂತೆ, ಚರ್ಮವನ್ನು ಅದರ ಕೊಬ್ಬು, ಅದರ ರಕ್ತನಾಳದ ಸಮೇತ ಎತ್ತಿ ತಂದು ಹೊದಿಸುವುದು. ಕೈಗೆ ಆಗ ನಾವು ಮಾಡುತ್ತಿದ್ದದ್ದು ಗ್ರಾಯಿನ್ ಫ್ಲಾಪ್. ತೊಡೆಸಂದಿನ ಚರ್ಮದ ಒಂದು ಪಟ್ಟಿ ಎಬ್ಬಿಸಿ, ಒಂದು ತುದಿ ಅಲ್ಲೇ ಇರುವಂತೆ ಇನ್ನೊಂದು ತುದಿಯನ್ನು ಕೈಗೆ ಹೊಲಿಯುತ್ತೇವೆ. ಮೂರು ವಾರ ಕೈ ತೊಡೆಸಂದಿಗೆ ಅಂಟಿಕೊಂಡೇ ಇರಬೇಕು. ಕೈಯಿಂದ ಹೊಸ ರಕ್ತ ಹರಿಯತೊಡಗಿದ ಮೇಲೆ ಬುಡ ಕತ್ತರಿಸುತ್ತೇವೆ. ಬಹುಮಟ್ಟಿಗೆ ಕೈಕೊಡದ ಆಪರೇಷನ್ ಅದು. ಹೊಟ್ಟೆಯಿಂದಲೂ ತೆಗೆಯಬಹುದು, ಆದರೆ ಶೇಷಾದ್ರಿಯ ಹೊಟ್ಟೆ ಬೆಂದಿತ್ತು.

ಇದನ್ನೆಲ್ಲ ವಿವರಿಸಿದೆ. ಅವರು ತಣ್ಣಗೆ ಕೇಳಿ, "ಸೊಂಟದ ಕೆಳಗಿನದು ಬೇಡಿ," ಎಂದರು. ಎಷ್ಟು ಕೇಳಿದರೂ ಅದೊಂದೇ ಮಾತು.

ನನಗೆ ರೇಗಿತು. ಇದೆಲ್ಲ ಮುದುಕರ ಕಿತಾಪತಿ ಎಂದುಕೊಂಡು ನೇರ ಕಾರಿಡಾರಿಗೆ ಹೋಗಿ, ಬೆಂಚಿನ ಮೇಲೆ ಕೂತಿದ್ದ ದೊಡ್ಡಪ್ಪನಿಗೆ ಜಾಡಿಸಿದೆ. "ಏನ್ರೀ, ಕೈ ಕೊಳೆತು ಹೋದ್ರೂ ಪರವಾಗಿಲ್ಲ, ಮಡಿ ಉಳೀಬೇಕಾ ನಿಮಗೆ?"

ದೊಡ್ಡಪ್ಪ ಗಾಬರಿಯಾಗಿ ಎದ್ದು ನಿಂತರು. "ನಾನೆಲ್ಲಮ್ಮಾ ಬೇಡ ಅಂದೆ? ಎಲ್ಲಿಂದಾದ್ರೂ ತೆಗೀರಿ, ಕೈ ಉಳಿಸಿ ಅಂತ ಬಡ್ಕೋತಿದೀನಿ. ಬೇಡ ಅನ್ನೋದು ಅವನೇ." ಹೇಳುತ್ತ ಹೇಳುತ್ತ ಅತ್ತುಬಿಟ್ಟರು. ನಾನು ಬೈದದ್ದು ಅಲ್ಲಿಗೇ ನಿಂತಿತು.

ಉಳಿದದ್ದು ಬೆನ್ನು. ಹೆಗಲಿನ ಮೂಳೆಯ ಮೇಲಿನ ಚರ್ಮವನ್ನು ರಕ್ತನಾಳ ಸಮೇತ ಪೂರ್ತಿ ಬೇರ್ಪಡಿಸಿ ತಂದು, ಆ ನಾಳಗಳನ್ನು ಮಣಿಕಟ್ಟಿನ ನಾಳಗಳಿಗೆ ಸೂಕ್ಷ್ಮದರ್ಶಕದ ಕೆಳಗೆ ಕೂಡಿಸುವುದು. ಇದೇ ಮೈಕ್ರೋಸರ್ಜರಿ. ನಾಳಗಳ ಅಗಲ ಎರಡು ಮಿಲಿಮೀಟರ್ ಇದ್ದರೆ ಹೆಚ್ಚು, ಹೊಲಿಯುವ ದಾರ ತಲೆಗೂದಲಿಗಿಂತ ತೆಳು. ಶುದ್ಧ ರಕ್ತ ತರುವ ಧಮನಿ, ಮಲಿನ ರಕ್ತ ಒಯ್ಯುವ ಅಭಿಧಮನಿ, ಎರಡೂ ನಡೆಯಬೇಕು. ಸುಟ್ಟ ಕೈಯಲ್ಲಿ ಹೊರಗೆ ಚೆನ್ನಾಗಿ ಕಾಣುವ ಅಭಿಧಮನಿಯೂ ಒಳಗೆ ಹಾಳಾಗಿರಬಹುದು. ಇದನ್ನೂ ಶೇಷಾದ್ರಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ. "ಬೆನ್ನಾದ್ರೆ ಮಾಡಿ," ಎಂದರು.

ಪರಿಚಯದ ಕಣ್ಣಿನ ಡಾಕ್ಟರರಿಂದ ಮೈಕ್ರೋಸ್ಕೋಪನ್ನು ಎರವಲು ತಂದೆ. ಮೈಸೂರಿನಿಂದ ನನ್ನ ಸಹಪಾಠಿಯೊಬ್ಬ ಉಪಕರಣ ಹೊತ್ತುಕೊಂಡು ಬಂದ. ಬೆಳಿಗ್ಗೆ ಶುರುವಾದದ್ದು ಸಂಜೆಗೆ ಮುಗಿಯಿತು. ನಾಳ ಬಿಗಿಹಿಡಿದಿದ್ದ ಕ್ಲಾಂಪ್ ಬಿಟ್ಟಾಗ ಬೆಳ್ಳಗಿದ್ದ ಫ್ಲಾಪು ನಿಧಾನವಾಗಿ ಕೆಂಪಡರಿತು. ಥಿಯೇಟರಿನಲ್ಲಿ ಯಾರೋ "ಬಂತು!" ಎಂದು ಕೂಗಿದರು. ನನಗೂ ಕೂಗಬೇಕೆನಿಸಿತ್ತು.

ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಫ್ಲಾಪಿನ ಬಣ್ಣ ನೇರಳೆಹಣ್ಣಿನ ಕಡೆಗೆ ತಿರುಗಿತು. ರಕ್ತ ಒಳಗೆ ಹೋಗುತ್ತಿದೆ, ಹೊರಗೆ ಬರುತ್ತಿಲ್ಲ. ಮತ್ತೆ ಥಿಯೇಟರಿಗೆ ಒಯ್ದು ಬಿಚ್ಚಿದರೆ ಅಭಿಧಮನಿಯ ತುಂಬ ಹೆಪ್ಪು. ತೆಗೆದು ಹೊಸದಾಗಿ ಕೂಡಿಸಿದೆವು, ಮತ್ತೆ ಕಟ್ಟಿತು. ಇನ್ನೂ ಮೇಲಕ್ಕೆ ಹೋಗಿ ಬೇರೆ ಅಭಿಧಮನಿ ಹುಡುಕಿದೆವು, ಅದರ ಒಳಗೋಡೆಯೂ ಸುಟ್ಟು ಒರಟಾಗಿತ್ತು. ಮೂರನೆಯ ದಿನ ಫ್ಲಾಪು ಕಪ್ಪಾಯಿತು. ಕಿತ್ತು ಬಕೆಟ್ಟಿಗೆ ಹಾಕಿದೆ. ಸಹಪಾಠಿ ಉಪಕರಣ ಕಟ್ಟಿಕೊಂಡು ಬಸ್ಸು ಹತ್ತಿದ.

ಶೇಷಾದ್ರಿಗೆ ಹೇಳುವಾಗ ಅವರ ಹೆಂಡತಿ ಅಲಮೇಲು ಹತ್ತಿರವೇ ನಿಂತಿದ್ದರು. ಮನೆಯಲ್ಲಿ ನಾಲ್ಕು ವರ್ಷದ ಮಗಳು. ನಾನು ಸುತ್ತು ಬಳಸಲಿಲ್ಲ. "ಕೂಡಿಸೋಕೆ ಕೈಯಲ್ಲಿ ಅಭಿಧಮನಿ ಉಳಿದಿಲ್ಲ, ಆದ್ದರಿಂದ ಇನ್ನೊಂದು ಸಲ ಬೆನ್ನಿಂದ ಆಗೋಲ್ಲ. ಟೆಂಡನ್‌ಗಳು ಒಣಗ್ತಿವೆ, ಕೀವು ಹತ್ತಿದೆ. ಇನ್ನು ತೊಡೆಸಂದಿನ ಫ್ಲಾಪು, ಇಲ್ಲಾಂದ್ರೆ ಮಣಿಕಟ್ಟಿನಲ್ಲಿ ಕೈ ತೆಗೀಬೇಕು."

ಅವರು ಕಣ್ಣು ಮುಚ್ಚಿಕೊಂಡರು. ನಾನು ದನಿ ತಗ್ಗಿಸಿ ಹೇಳಿದೆ, "ನೋಡಿ, ಬೇರೆ ರೂಮಿಗೆ ಹಾಕ್ತೀನಿ. ಮೂರು ವಾರ ಒಬ್ಬರನ್ನೂ ಒಳಗೆ ಬಿಡೋಲ್ಲ. ಬೆನ್ನಿನ ಚರ್ಮ ಅಂತಲೇ ಊರಿಗೆಲ್ಲ ಹೇಳೋಣ. ಬೆನ್ನ ಮೇಲೆ ಗಾಯ ಹೇಗೂ ಇದೆ. ಯಾರಿಗೆ ಗೊತ್ತಾಗುತ್ತೆ?"

"ಊರಿಗೆ ಗೊತ್ತಾಗೋಲ್ಲ ಡಾಕ್ಟ್ರೇ," ಎಂದರು ಶೇಷಾದ್ರಿ. "ತೆರೆ ಎಳೆದ ಮೇಲೆ ಒಳಗಿರೋದು ನಾವಿಬ್ಬರೇ, ಸ್ವಾಮಿ ಮತ್ತು ನಾನು. ಅಲ್ಲಿ ಯಾರಿಗೆ ಸುಳ್ಳು ಹೇಳ್ಲಿ?"

ಅಲಮೇಲುಗೆ ತಡೆಯಲಾಗಲಿಲ್ಲ. "ಸೊಂಟದ ಕೆಳಗಿನದನ್ನ ಮಾಡಿದೋನು ಬೇರೆ ಯಾರೋ ದೇವರಾ? ಮಗು ಮುಖ ನೋಡೀಂದ್ರೆ!" ಎಂದು ಕೂಗಿದರು. ಅಕ್ಕಪಕ್ಕದ ಮಂಚದವರೆಲ್ಲ ತಿರುಗಿ ನೋಡಿದರು.

ಕಡೆಗೆ ಶೇಷಾದ್ರಿ ಹೆಂಡತಿಯ ಮುಖ ನೋಡಿ ಹೇಳಿದರು, "ಕೈ ಉಳಿಸಿ. ದುಡಿದು ಇವರಿಬ್ಬರನ್ನ ಸಾಕಬೇಕಲ್ಲ. ಪೂಜೆ ದೊಡ್ಡಪ್ಪ ನೋಡ್ಕೋತಾರೆ." ಹೇಳಿದ ಮೇಲೆ ಗೋಡೆಯ ಕಡೆ ಮುಖ ತಿರುಗಿಸಿ ಅತ್ತರು.

ಗ್ರಾಯಿನ್ ಫ್ಲಾಪು ಮೊದಲ ದಿನದಿಂದಲೇ ಗಟ್ಟಿಯಾಗಿ ಬದುಕಿತು. ಆ ಮೂರು ವಾರ ಮಾತ್ರ ನೋಡಲಾಗುತ್ತಿರಲಿಲ್ಲ. ಬಲಗೈ ತೊಡೆಸಂದಿಗೆ ಹೊಲಿದಿದ್ದಷ್ಟು ದಿನ ಅವರು ಒಂದು ಮಂತ್ರ ಹೇಳಲಿಲ್ಲ, ಹೊಸ ಜನಿವಾರ ಹಾಕಿಸಿಕೊಳ್ಳಲಿಲ್ಲ. ಎಡಗೈಯಲ್ಲಿ ಊಟ ಒಲ್ಲೆನೆಂದು, ಅಲಮೇಲು ತುತ್ತು ಕೊಟ್ಟರೆ ಅಷ್ಟು ತಿನ್ನುತ್ತಿದ್ದರು. ವಾರ್ಡಿನ ಆಯಾ ಕೆಂಪಮ್ಮ ಹೊಳೆನರಸೀಪುರದ ಕಡೆಯವಳು, ಬಾಯಿ ಜೋರು. ಹಾಸಿಗೆ ಬದಲಿಸುವಾಗ ಅವಳ ಉಪದೇಶ ನಡೆಯುತ್ತಿತ್ತು. "ಅಯ್ನೋರೇ, ಕೈ ಎಲ್ಲಿದ್ರೇನು ಬುಡಿ, ಉಸ್ರು ಐತಲ್ಲ! ನಮ್ಮೂರಾಗೆ ನಿಮ್ಮಂಗೆ ಬೆಂದೋರು ಯಾರೂ ಉಳೀನಿಲ್ಲ. ಒಂದ್ಸತಿ ನಗಿ ಮತ್ತೆ!" ಅವರು ನಗಲಿಲ್ಲ. ಅವಳೂ ಹೇಳುವುದನ್ನು ಬಿಡಲಿಲ್ಲ.

ಬುಡ ಕತ್ತರಿಸಿದ ಮೇಲೆ ಕೈ ಬಿಡುಗಡೆಯಾಯಿತು. ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸಿದ ಮೇಲೆ ಬೆರಳು ಮಡಚಿದವು, ಪೆನ್ನು ಹಿಡಿದವು, ಚೊಂಬು ಎತ್ತಿದವು. ಫೋಟೋ ತೆಗೆದು ಸಮ್ಮೇಳನದಲ್ಲಿ ತೋರಿಸುವಂಥ ಫಲಿತಾಂಶ. ಕೊನೆಯ ತಪಾಸಣೆಗೆ ದೊಡ್ಡಪ್ಪನೂ ಜೊತೆಗೆ ಬಂದಿದ್ದರು. ಶೇಷಾದ್ರಿ ಡ್ರೆಸಿಂಗ್ ರೂಮಿನಲ್ಲಿದ್ದಾಗ ನನ್ನ ಮುಂದೆ ಕೂತು, "ತಿಳಿದವರನ್ನೆಲ್ಲ ಕೇಳಿದೆ ಡಾಕ್ಟ್ರಮ್ಮ," ಎಂದರು. "ಶುದ್ಧಿ ಇದೆ, ಹೋಮ ಇದೆ. ನಾನೇ ನಿಂತು ಮಾಡಿಸ್ತೀನಿ, ಬಾರೋ ಒಳಗೆ ಅಂದ್ರೆ ಬರೋಲ್ಲ ಅಂತಾನೆ. ನನ್ನ ಕೈ ನಡುಗುತ್ತೆ. ನೀವಾದ್ರೂ ಹೇಳಿ."

ಹೇಳಿದೆ. ಗದರಿಯೂ ಹೇಳಿದೆ. "ಇಷ್ಟು ಹಟ ಒಳ್ಳೇದಲ್ಲ ಕಣ್ರೀ! ನಿಮ್ಮ ಹಿರಿಯರೇ ಒಪ್ಪಿದಾರೆ, ಇನ್ನು ನಿಮ್ಮದೇನು?"

"ನೀವು ಒಪ್ಪಿದೀರಿ, ದೊಡ್ಡಪ್ಪ ಒಪ್ಪಿದಾರೆ," ಎಂದು ಕೈಯ ಮೇಲೆ ಅಂಗವಸ್ತ್ರ ಹೊದ್ದುಕೊಂಡರು. "ನನಗೆ ಒಪ್ಪಿಗೆಯಾಗಬೇಕಲ್ಲ ಡಾಕ್ಟ್ರೇ."

೨೦೦೬ರಲ್ಲಿ ಒಂದು ಮದುವೆಗೆಂದು ಹೊಳೆನರಸೀಪುರಕ್ಕೆ ಹೋದವಳು, ಸಂಜೆ ಕಾರು ತಿರುಗಿಸಿಕೊಂಡು ಅವರ ಊರಿಗೆ ಹೋದೆ. ಶೇಷಾದ್ರಿ ಹೊಳೆನರಸೀಪುರದ ಶಾಲೆಯೊಂದರಲ್ಲಿ ಸಂಸ್ಕೃತ ಮೇಷ್ಟ್ರಾಗಿದ್ದರು. ಬೋರ್ಡಿನ ಮೇಲೆ ಬರೆಯುವುದು ಆ ಕೈಯಲ್ಲೇ ಎಂದು ಅಲಮೇಲು ನನಗೆ ಖುಷಿಯಾಗಲೆಂದು ಹೇಳಿದರು. ಶೇಷಾದ್ರಿ ಮೈ ತುಂಬಿಕೊಂಡಿದ್ದರಿಂದ ಕೈಯ ಹಿಂಬದಿಯೂ ಊದಿಕೊಂಡಿತ್ತು. ತೊಡೆಸಂದಿನ ಚರ್ಮ ಕೈಗೆ ಬಂದರೂ ಅದರ ಕೊಬ್ಬು ಹುಟ್ಟಿದ ಜಾಗದಂತೆಯೇ ಬೆಳೆಯುತ್ತದೆ. "ಸಣ್ಣ ಮಾಡಿಕೊಡ್ತೀನಿ, ಬನ್ನಿ," ಎಂದೆ. ಬೇಡವೆಂದು ತಲೆಯಾಡಿಸಿದರು.

ಪೂಜೆಯ ಹೊತ್ತಿಗೆ ದೇವಸ್ಥಾನಕ್ಕೆ ಹೋದೆವು. ಒಳಗೆ ದೊಡ್ಡಪ್ಪ. ಎಂಬತ್ತು ದಾಟಿದ ಮುದುಕ, ಆರತಿ ತಟ್ಟೆ ಹಿಡಿದರೆ ದೀಪವೆಲ್ಲ ಅಲ್ಲಾಡುತ್ತಿತ್ತು. ಮಂತ್ರ ಅರ್ಧಕ್ಕೇ ಮರೆತು ನಿಲ್ಲುವರು. ಹೊಸ್ತಿಲ ಈಚೆ, ಬಲಗೈಗೆ ಅಂಗವಸ್ತ್ರ ಸುತ್ತಿಕೊಂಡು ನಿಂತ ಶೇಷಾದ್ರಿ ಮುಂದಿನ ಸಾಲನ್ನು ಎತ್ತಿಕೊಡುವರು. ಎಂಟು ವರ್ಷದಿಂದ ದಿನಾ ಹೀಗೇ ಅಂತೆ.

ದೊಡ್ಡಪ್ಪ ಹೊರಗೆ ಬಂದು ನನಗೆ ತೀರ್ಥ ಕೊಟ್ಟರು, ಅರ್ಧ ನೆಲಕ್ಕೆ ಚೆಲ್ಲಿತು. ಅಲಮೇಲುಗೆ ಕೊಟ್ಟರು. ಆಮೇಲೆ ಶೇಷಾದ್ರಿ ಅಂಗವಸ್ತ್ರ ಸರಿಸಿ ಬಲಗೈಯನ್ನೇ ಚಾಚಿದರು. ನಾನು ಆ ಕೈಯನ್ನೇ ನೋಡುತ್ತಿದ್ದೆ. ತೀರ್ಥ ಕುಡಿದು, ಕೈ ತಲೆಗೆ ಒರೆಸಿಕೊಂಡು, ಅವರು ನನಗೆ ಮಾತ್ರ ಕೇಳುವಂತೆ ಹೇಳಿದರು.

"ಅಂಗೈ ನಾನು ಹುಟ್ಟಿದಾಗಿನದೇ ಡಾಕ್ಟ್ರೇ. ಇಸ್ಕೊಳ್ಳೋಕೆ ಅಡ್ಡಿಯಿಲ್ಲ. ಕೊಡೋವಾಗ ಕೈ ತಿರುಗುತ್ತಲ್ಲ, ಆಗ ನೀವು ಹೊಲಿದದ್ದು ಮೇಲಕ್ಕೆ ಬರುತ್ತೆ."

ಅವರ ಮಾತನ್ನು ನಾನು ಇವತ್ತಿಗೂ ಪೂರ್ತಿ ಒಪ್ಪಿಲ್ಲ. ಆದರೆ ಅದು ನನ್ನ ಕೆಲಸದ ಕ್ರಮವನ್ನು ಬದಲಿಸಿತು. ಯಾವ ಚರ್ಮಕ್ಕೆ ಯಾವ ರಕ್ತನಾಳವೆಂದು ನಮಗೆ ಕಲಿಸಿದ್ದರು. ಆ ಚರ್ಮ ಯಾರದೋ ಅವರಿಗೆ ಮೈಯ ಯಾವ ಭಾಗ ಎಂಥದ್ದೆಂದು ಕಲಿಸಿರಲಿಲ್ಲ. ಅದನ್ನು ಬಲ್ಲವರು ಮಂಚದ ಮೇಲೆ ಮಲಗಿದವರು ಮಾತ್ರ, ಕೇಳದೆ ಹೇಳುವುದಿಲ್ಲ. ಆಮೇಲೆ ಸೇವೆಯ ಕೊನೆಯ ದಿನದವರೆಗೂ ಪ್ರತಿಯೊಬ್ಬರನ್ನೂ ಕೇಳಿದೆ, ಎಲ್ಲಿಂದ ತೆಗೆಯಲಿ ಎಂದು. ಬಹಳ ಜನ ನಿಮ್ಮಿಷ್ಟ ಎಂದರು. ಅರಕಲಗೂಡಿನ ಒಬ್ಬ ಕೂಲಿ ಹೆಂಗಸು ಮಾತ್ರ ನನ್ನ ಕೈ ಹಿಡಿದುಕೊಂಡು, "ಸೊಂಟದ್ ತಾವ ಬ್ಯಾಡಿ ಕಣವ್ವ, ಅಲ್ಲಿ ಬಿಂದಿಗೆ ಇಕ್ಕತೀನಿ," ಎಂದಳು. ನಾನು ಬೆನ್ನಿಂದ ತೆಗೆದೆ.