ರೇಡಿಯೋಕ್ಕಿಟ್ಟ ಹುಣಸೆ ಬೀಜ

ಹುಣಸೆಹಣ್ಣು ಬಿಡಿಸುವಾಗ ಬೀಜ ಒಂದೊಂದೇ ಹಿತ್ತಾಳೆ ಬೋಗುಣಿಗೆ ಬಿದ್ದು ಟಣ್ ಎಂದರೆ ಈಗಲೂ ನನ್ನ ಎದೆ ಝಲ್ಲೆನ್ನುತ್ತದೆ. ಒಳಕೋಣೆಯಲ್ಲಿ ಮಗ ಹೊಸ ಸ್ಪೀಕರಿಗೆ ಇಷ್ಟು, ಕಂಪ್ಯೂಟರಿನ ಮೆಮರಿಗೆ ಇಷ್ಟು ಎಂದು ಬಜೆಟ್ ಬರೆಯುತ್ತಾನೆ, ಹೊಡೆದು ಹಾಕುತ್ತಾನೆ, ಮತ್ತೆ ಬರೆಯುತ್ತಾನೆ. ಅವನ ನಿಟ್ಟುಸಿರು ಕೇಳಿ ನಗು ಬರುತ್ತದೆ, ಜೊತೆಗೆ ಹಳೆಯ ಅಂಜಿಕೆಯೂ ಏಳುತ್ತದೆ. ಉಮದಿ ಎಂಬ ಹಳ್ಳಿಯ ನಮ್ಮ ಮನೆಯಲ್ಲಿ ರೇಡಿಯೋದ ಬಜೆಟ್ಟನ್ನು ಯಾರೂ ಬರೆಯುತ್ತಿರಲಿಲ್ಲ. ಅದು ಒಂದು ಮಡಕೆ ಹುಣಸೆ ಬೀಜದಲ್ಲಿತ್ತು. ಅದನ್ನು ಕೆಡಿಸಿದವಳು ನಾನು.

ಅರವತ್ತರ ದಶಕ. ನಮ್ಮ ಓಣಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಅಪ್ಪ ಬಿಜಾಪುರದಿಂದ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದ ಕಟ್ಟಿಗೆಯ ರೇಡಿಯೋ ನಡೆಯುತ್ತಿದ್ದದ್ದು ಎರಡು ಇಟ್ಟಂಗಿಯಷ್ಟು ದೊಡ್ಡ ಬ್ಯಾಟರಿಯ ಮೇಲೆ. ಮಾಳಿಗೆಯ ಮೇಲೆ ಎರಡು ಬಿದಿರು ನಿಲ್ಲಿಸಿ ತಂತಿ ಕಟ್ಟಿದ್ದಾಯಿತು, ಪೋಸ್ಟಿನಲ್ಲಿ ಲೈಸನ್ಸಿನ ದುಡ್ಡು ಕಟ್ಟಿದ್ದಾಯಿತು. ಆಮೇಲೆ ಅಪ್ಪ ತಲೆ ಕೆರೆದುಕೊಂಡ. "ರೇಡಿಯೋ ತರೂದಂದ್ರ ಎತ್ತು ತಂದಂಗ. ತಂದು ಕಟ್ಟಿದರ ಮುಗೀಲಿಲ್ಲ, ಮೇವು ಹಾಕಬೇಕು." ಮೇವೆಂದರೆ ಆ ಬ್ಯಾಟರಿ. ಮುಂಗಾರಿನ ಕಾರಹುಣ್ಣಿವೆಗೆ ಹಾಕಿದ್ದು ದೀಪಾವಳಿ ಮುಟ್ಟಬೇಕು, ಹಾಗೆ ಉಳಿಸಿದರೆ ಮುಂದೆ ಸಣ್ಣ ಸೆಲ್ಲಿನ ಟ್ರಾನ್ಸಿಸ್ಟರ್ ತರಬಹುದು ಎಂಬುದು ಅವನ ಆಸೆ. ಅಂಗಡಿಯವನನ್ನು ಕೇಳಿ ದಿನಕ್ಕೆ ಅರ್ಧ ತಾಸು ಎಂದು ಗೊತ್ತುಮಾಡಿದ. ಅದನ್ನು ಕಾಯುವ ಕೆಲಸ ಅಪ್ಪನ ಅವ್ವನಿಗೆ, ನಮ್ಮ ಆಯಿಗೆ ಬಂತು. ಅಕ್ಷರ ಬಾರದ ಆಯಿ ದಿನಕ್ಕೊಂದರಂತೆ ಬೀಜ ಎಣಿಸಿ ಮಡಕೆಗೆ ತುಂಬಿ ಗೋಡೆಯ ಗೂಡಿನಲ್ಲಿಟ್ಟಳು. ಅರ್ಧ ತಾಸು ಕೇಳಿದರೆ ಒಂದು ಬೀಜ ಹೊರಗೆ. "ಬೀಜ ತೀರೂತನಾ ಹಾಡ್ಲಿ. ತೀರಿದ ಮ್ಯಾಲ ಬಾಯಿ ಮುಚ್ಚಲಿ" ಎಂದಳು. ಆಯಿಯ ಮಾತೆಂದರೆ ಕಲ್ಲಿನ ಮೇಲೆ ಗೆರೆ ಕೊರೆದಂತೆ.

ನನಗಾಗ ಹತ್ತು ವರ್ಷ. ಆಯಿ ಹೊಲಕ್ಕೆ, ಅವ್ವ ನೀರಿಗೆ ಹೋದ ಹೊತ್ತಿಗೆ ನಾನು ಗುಂಡಿ ತಿರುವುತ್ತಿದ್ದೆ. ಧ್ವನಿ ಇಷ್ಟೇ ಇಷ್ಟು ಇಟ್ಟು, ರೇಡಿಯೋದ ಮುಂದಿನ ಬಟ್ಟೆಗೆ ಕಿವಿ ಒತ್ತಿಕೊಂಡು ವಾರಕ್ಕೆ ನಾಲ್ಕೈದು ಸಿನಿಮಾ ಹಾಡು ಕೇಳುತ್ತಿದ್ದೆ. ಆ ಬಟ್ಟೆಗೆ ಹೊಸ ಕೌದಿಯ ವಾಸನೆ ಇತ್ತು. ಮೆಲ್ಲಗೆ ಕೇಳಿದರೆ ಬ್ಯಾಟರಿ ಸವೆಯುವುದಿಲ್ಲವೆಂದು ನನಗೆ ನಾನೇ ಹೇಳಿಕೊಂಡಿದ್ದೆ. ಬೀಜ ಮಾತ್ರ ತೆಗೆಯುತ್ತಿರಲಿಲ್ಲ. ಕಳ್ಳಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎರಡು ತಿಂಗಳು ಕುಡಿದೆ.

ದೀಪಾವಳಿ ಇನ್ನು ಎರಡು ವಾರವಿದೆ ಎನ್ನುವಾಗ ಶಾಂತಾ ಮೌಶಿಯ ಕಾರ್ಡು ಬಂತು. ಮೌಶಿ ಅವ್ವನ ಒಬ್ಬಳೇ ತಂಗಿ, ಧಾರವಾಡಕ್ಕೆ ಕೊಟ್ಟಿತ್ತು. ಬರುವ ವಾರ ಮಧ್ಯಾಹ್ನ ಹೆಂಗಸರ ಕಾರ್ಯಕ್ರಮದಲ್ಲಿ ತಾನು ರೇಡಿಯೋದಲ್ಲಿ ಹಾಡುತ್ತೇನೆ, ತವರೂರು ತಿಕೋಂಡಿಯಲ್ಲಿ ತಮ್ಮವ್ವ ಹಾಡುತ್ತಿದ್ದ ಬೀಸುವ ಪದವನ್ನೇ ಹಾಡುತ್ತೇನೆ ಎಂದು ಬರೆದಿದ್ದಳು. ಕಾರ್ಡು ಓದಿದವಳು ನಾನೇ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹಿಟ್ಟಿನ ಕೈಯಲ್ಲೇ ಸೆರಗು ಕಣ್ಣಿಗೊತ್ತಿಕೊಂಡಳು. ಅಕ್ಕತಂಗಿ ಬೀಸುಕಲ್ಲಿನ ಆಚೆ ಈಚೆ ಕೂತು ತಾಯಿಯಿಂದ ಕಲಿತ ಪದ ಅದು. ತಾಯಿ ತೀರಿದ ಮೇಲೆ ಅವ್ವ ಅದನ್ನು ಒಂದು ಸಲವೂ ಬಾಯಿಗೆ ತಂದಿರಲಿಲ್ಲ. ಅಪ್ಪ ಕೇಳುವ ಸಂಜೆಯ ಸುದ್ದಿಯ ಧ್ವನಿ ದಿನದಿಂದ ದಿನಕ್ಕೆ ಕ್ಷೀಣವಾಗುತ್ತಿತ್ತು, ಮೋಡ ಕವಿದದ್ದಕ್ಕೆ ಹೀಗೆ ಎಂದ ಅವನು. ಮೋಡವಲ್ಲ ಎಂದು ನನಗೊಬ್ಬಳಿಗೇ ಗೊತ್ತು.

"ಆಯಿ, ಬ್ಯಾಟರಿ ಬಿಸಲಿಗಿಡೋಣೇನು?" ಎಂದು ಕೇಳಿದೆ. ಬಿಸಿಲಿಗಿಟ್ಟರೆ ಸ್ವಲ್ಪ ಜೀವ ಬರುತ್ತದೆಂದು ಸಾಲಿಯಲ್ಲಿ ಯಾರೋ ಹೇಳಿದ್ದರು. ಆಯಿ ನನ್ನನ್ನೇ ನೋಡಿದಳು. "ಯಾಕವ್ವಾ? ಇನ್ನಾ ಬೀಜ ಅದಾವಲ್ಲ?" ಎಂದಳು. ಆದರೂ ಎತ್ತಿ ಬಿಸಿಲಿಗಿಟ್ಟಳು.

ಆ ಮಧ್ಯಾಹ್ನ ಪಡಸಾಲೆ ತುಂಬ ಓಣಿಯ ಹೆಂಗಸರು. ಅವ್ವ ಕೆಂಪು ಬಣ್ಣದ ಇಳಕಲ್ ಸೀರೆ ಉಟ್ಟು, ಅರಿಷಿಣ ಹಚ್ಚಿದ ಮುಖದಲ್ಲಿ ರೇಡಿಯೋದ ಮುಂದೆ ಕೂತಳು. ಮಡಕೆಯಲ್ಲಿ ಆರು ಬೀಜ. ಗುಂಡಿ ತಿರುವಿದರೆ ನೊಣ ಗುಂಯ್‌ಗುಟ್ಟಿದಷ್ಟು ಸಪ್ಪಳ. "ನಮಗೇನೂ ಕೇಳವಲ್ದಲ್ರೀ" ಎಂದರು ಹೆಂಗಸರು. ಅವ್ವ ಮುಂದೆ ಬಾಗಿ ಬಟ್ಟೆಗೆ ಕಿವಿ ಒತ್ತಿದಳು, ಥೇಟ್ ನಾನು ಒತ್ತುತ್ತಿದ್ದ ಜಾಗದಲ್ಲೇ. "ಬಂತು, ಶಾಂತಾನ ಧ್ವನಿ! ತಡೀರಿ, ನಾ ಹೇಳ್ತೀನಿ" ಎಂದವಳು ಒಂದೊಂದು ಸಾಲು ಕೇಳಿ ನಮಗೆ ಹಾಡತೊಡಗಿದಳು. ಅತ್ತೆಯ ಎದುರು ಎಂದೂ ಧ್ವನಿ ಎತ್ತದ ಅವ್ವ! ನಾನು ಪಕ್ಕದಲ್ಲಿ ರೇಡಿಯೋದ ಕಟ್ಟಿಗೆಯ ಮೇಲೆ ಕೈ ಇಟ್ಟು ಕೂತಿದ್ದೆ. ಜೀವ ಇದ್ದಾಗ ಅದರಲ್ಲಿ ಸಣ್ಣ ನಡುಕ ಇರುತ್ತಿತ್ತು. ಎರಡನೆಯ ನುಡಿಯ ನಡುವೆ ಆ ನಡುಕ ನಿಂತಿತು. ಅವ್ವ ನನ್ನತ್ತ ಒಮ್ಮೆ ನೋಡಿದಳು. ಕಿವಿ ತೆಗೆಯಲಿಲ್ಲ, ಹಾಡು ನಿಲ್ಲಿಸಲಿಲ್ಲ. ಕಡೆಯ ನುಡಿಯವರೆಗೂ ಹಾಡಿದಳು. ಹೆಂಗಸರು ಕಣ್ಣೊರೆಸಿಕೊಂಡು "ನಿಮ್ಮ ತಂಗಿ ಭಾಳ ಚಲೋ ಹಾಡಿದಳ್ರೀ" ಎಂದು ಎದ್ದರು. ಆಯಿ ಲೆಕ್ಕದಂತೆ ಒಂದು ಬೀಜ ಹೊರಗೆ ತೆಗೆದಳು.

ಸಂಜೆ ರೇಡಿಯೋ ಉಸಿರೆತ್ತಲಿಲ್ಲ. "ಐದು ಬೀಜ ಉಳದಾವ, ಬ್ಯಾಟರಿ ಸತ್ತೈತಿ. ಅಂಗಡ್ಯಾಂವ ಹಳೀದು ಕೊಟ್ಟು ಮೋಸ ಮಾಡ್ಯಾನ" ಎಂದು ಅಪ್ಪ ಕೂಗಾಡಿದ. ಹಬ್ಬ ಮುಗಿಯುತ್ತಲೇ ಬಿಜಾಪುರಕ್ಕೆ ಹೋಗಿ ಕೇಳುತ್ತೇನೆಂದ. ಪಾಪದ ಅಂಗಡಿಯವನು ಬೈಸಿಕೊಳ್ಳುವುದನ್ನು ನೆನೆದು ಆ ಹಬ್ಬದ ಹೋಳಿಗೆ ನನಗೆ ಮಣ್ಣಾಯಿತು.

ಹಬ್ಬಕ್ಕೆ ಮೌಶಿ ಬಂದಳು. ಚೀಲ ಇಳಿಸುವ ಮೊದಲೇ ಅವ್ವನನ್ನು ಅಪ್ಪಿಕೊಂಡು ಅತ್ತಳು. "ಅಕ್ಕಾ, ನನ್ನ ಮಾನ ಹೋತು. ಕಡೀ ನುಡಿ ಮರ್ತೇ ಹೋತು. ಗಂಟಲ ಒಣಗಿ ಅಲ್ಲೇ ನಿಂತೆ. ರೇಡಿಯೋದವರು ಲಗೂನ ಬ್ಯಾರೇ ಹಾಡು ಹಚ್ಚಿದ್ರು. ನಿಮ್ಮ ಓಣಿ ಮಂದಿ ಎಷ್ಟು ನಕ್ಕರೋ!" ನಾನು ಕಂಬದ ಹಿಂದೆ ಸರಿದೆ. ಕಟ್ಟೆಯ ಮೇಲೆ ಕೂತಿದ್ದ ಆಯಿ ಎಲೆಗೆ ಸುಣ್ಣ ಹಚ್ಚುತ್ತಾ, "ನಿನಗ ಮರ್ತಿರಬೇಕು ತಂಗಿ. ನಮ್ಮ ಮನ್ಯಾಗ ಪೂರಾ ಕೇಳಿಸ್ತು. ಯಾರೂ ನಗಲಿಲ್ಲ" ಎಂದಳು.

ಆಮೇಲೆ ಎದ್ದು ಗೂಡಿನ ಮಡಕೆ ತಂದಳು. ನನ್ನ ಕೈ ಹಿಡಿದು ಅಂಗೈಯಲ್ಲಿ ಆ ಐದು ಬೀಜ ಸುರುವಿದಳು. "ಇವು ನಿನ್ನವು. ಹುರಕೊಂಡು ತಿನ್ನು. ಬಿಜಾಪುರಕ್ಕ ಜಗಳಕ್ಕ ಹೋಗಬ್ಯಾಡ ಅಂತ ನಿಮ್ಮಪ್ಪಗ ನಾ ಹೇಳ್ತೀನಿ." ಅಷ್ಟೇ. ಬೈಯಲಿಲ್ಲ, ಮತ್ತೆಂದೂ ಆ ಮಾತು ತೆಗೆಯಲಿಲ್ಲ. ಬೈದಿದ್ದರೆ ಎಂದೋ ಮರೆಯುತ್ತಿದ್ದೆ.

ಎಷ್ಟೋ ವರ್ಷದ ಮೇಲೆ ಟ್ರಾನ್ಸಿಸ್ಟರ್ ಬಂತು. ಆಗ ಆಯಿ ಇರಲಿಲ್ಲ. ಈಗ ಅಪ್ಪ ಇಲ್ಲ, ಮೌಶಿ ಇಲ್ಲ, ಅವ್ವ ಇಲ್ಲ, ಆ ಪಡಸಾಲೆಯೂ ಇಲ್ಲ. ಆ ಪದದ ಕಡೆಯ ನುಡಿ ಪೂರಾ ಬಲ್ಲವಳು ನಾನೊಬ್ಬಳೇ ಉಳಿದಿದ್ದೇನೆ. ಹುಣಸೆ ಬಿಡಿಸುವಾಗ ಅದನ್ನು ಮೆಲ್ಲಗೆ ಹಾಡಿಕೊಳ್ಳುತ್ತೇನೆ, ಮುಗಿದ ಮೇಲೆ ಒಂದು ಬೀಜ ತೆಗೆದು ಬದಿಗಿಡುತ್ತೇನೆ.