ಹಸಿ ಬಣ್ಣದ ಮೇಲೆ ಕುಂಕುಮ

ನನ್ನ ಗಂಡ ಹೋದ ಮೇಲೆ ಬಹಳ ದಿನ ಬ್ರಷ್ ಮುಟ್ಟಿರಲಿಲ್ಲ. ಆಮೇಲೆ ಮೊದಲು ಬರೆದದ್ದು ಕಡಲು. ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ಮಂಗಳೂರಿನ ಹಳೆ ಬಂದರಿನಲ್ಲಿ ನೋಡಿದ ಮಳೆಗಾಲದ ಬೆಳಗು ಅದು: ಮಬ್ಬು ಬೆಳಕು, ಬೂದಿ ಬಣ್ಣದ ನೀರು, ಇದ್ದೂ ಇಲ್ಲದಂತೆ ನಿಂತ ಮೂರು ಹಡಗು. ಪದ್ಮನಾಭನಗರದ ಮನೆಯ ಬಾಲ್ಕನಿಯಲ್ಲಿ ಕೂತು, ನೀಲಿಗೆ ಕಂದು, ಅದಕ್ಕೆ ಬಿಳಿ ಬೆರೆಸಿ ಬೆರೆಸಿ ಆ ಬೂದಿಯನ್ನು ಹಿಡಿಯುವಷ್ಟರಲ್ಲಿ ಸಾಕುಸಾಕಾಗಿತ್ತು. ಎಲ್ಲೂ ಒಂದು ಚುಕ್ಕೆ ಗಾಢ ಬಣ್ಣ ಬೀಳದಂತೆ ಕಾದಿದ್ದೆ.

ಅದನ್ನೇ ತಂಗಿ ಕೇಳಿದಳು. ಗೊಟ್ಟಿಗೆರೆಯಲ್ಲಿ ಫ್ಲ್ಯಾಟ್ ಕೊಂಡಿದ್ದಳು, ಹಾಲ್‌ನ ಗೋಡೆ ಖಾಲಿ. ಕೊಡಲು ಮನಸ್ಸಿರಲಿಲ್ಲ, ಒಡಹುಟ್ಟಿದವಳು ಎಂದು ಕೊಟ್ಟೆ. "ಎಣ್ಣೆ ಬಣ್ಣ, ಇನ್ನೂ ಹಸಿ ಇದೆ, ಯಾರೂ ಮುಟ್ಟೋದು ಬೇಡ" ಎಂದು ಹೇಳಿಯೇ ಗೃಹಪ್ರವೇಶದ ಬೆಳಿಗ್ಗೆ ತೂಗುಹಾಕಿಸಿದೆ.

ಹೋಮ ಮುಗಿಯಿತು. ತಂಗಿಯ ಅತ್ತೆ ಅರಿಶಿನ ಕುಂಕುಮದ ತಟ್ಟೆ ಹಿಡಿದು ಹೊರಟರು. ಹೊಸ ಬಾಗಿಲಿಗೆ ಬೊಟ್ಟು, ಸ್ಟೌವ್‌ಗೆ, ವಾಷಿಂಗ್ ಮಷಿನ್‌ಗೆ, ಫ್ರಿಡ್ಜ್‌ಗೆ ಬೊಟ್ಟು. ಸಾಲಾಗಿ ಕೂತಿದ್ದ ಹೆಂಗಸರಿಗೂ ಬೊಟ್ಟು. ನನ್ನ ಮುಂದೆ ಬಂದಾಗ ಮಾತ್ರ ತಟ್ಟೆ ನಿಲ್ಲಲಿಲ್ಲ, ಪಕ್ಕದವರ ಹತ್ತಿರ ಹೋಗಿ ನಿಂತಿತು. ನನ್ನ ಹಣೆಯಲ್ಲಿ ಬೊಟ್ಟು ಇತ್ತು. ನಾನು ಎಂದೂ ತೆಗೆದವಳಲ್ಲ. ಆಕೆ ಅತ್ತ ನೋಡಲೂ ಇಲ್ಲ. ಕೊನೆಗೆ, ಇದೂ ಹೊಸ ಸಾಮಾನಲ್ಲವೇ ಎಂದು ನನ್ನ ಚಿತ್ರಕ್ಕೂ ಒಂದು ಬೊಟ್ಟು ಒತ್ತಿದರು, ನಡುವಿನ ಹಡಗಿನ ಮೇಲಿನ ಆಕಾಶಕ್ಕೆ. ಅಕ್ಷತೆಯ ಕಾಳು ಬೇರೆ ಅಂಟಿಕೊಂಡಿತು.

"ಈಗ್ ನೋಡಿ, ಸೂರ್ಯ ಹುಟ್ದಂಗಾಯ್ತು. ಇಷ್ಟೊತ್ತು ಸಪ್ಪೆ ಇತ್ತು," ಎಂದರು ಒಬ್ಬರು. ಉಳಿದವರು ಹೌದೌದೆಂದರು.

ಈ ಜನಕ್ಕೆ ಬೂದಿ ಬಣ್ಣ ಕಂಡರಾಗದು, ಗಂಡ ಸತ್ತವಳನ್ನು ಕಂಡರಾಗದು. ಅವಳು ಬರೆದದ್ದು ಮಾತ್ರ ಗೋಡೆಗೆ ಬೇಕು. ಥೂ.

ಕರವಸ್ತ್ರ ತೆಗೆದು ಚಿತ್ರದ ಹತ್ತಿರ ಹೋದೆ. ತಂಗಿ ಓಡಿಬಂದು ಕೈ ಹಿಡಿದಳು. "ಅಕ್ಕಾ, ಕುಂಕುಮ ಒರೆಸ್ಬೇಡ ಕಣೇ, ಅಪಶಕುನ."

ಒರೆಸಲಿಲ್ಲ. ಚಿತ್ರವನ್ನೇ ಮೊಳೆಯಿಂದ ಇಳಿಸಿ ಬಾಗಿಲ ಕಡೆ ನಡೆದೆ.

"ಗೋಡೆ ಖಾಲಿ ಕಾಣತ್ತಲ್ಲೇ," ಎಂದಳು ಹಿಂದಿನಿಂದ.

"ಫ್ರಿಡ್ಜ್ ತಂದಿಡು ಅಲ್ಲಿ," ಎಂದೆ. "ಅದು ಮುತ್ತೈದೆ."